ಕೊನೆಯ ಓವರ್‌ಗೆ ಮೈಸೂರು ಪೇಟ

ಹುಬ್ಬಳ್ಳಿಯ ಬಸ್ಸಿನಲ್ಲಿ ಕೂತು ಇದನ್ನು ಗೀಚುವಾಗಲೂ ಮೈ ಉರಿಯುತ್ತಿದೆ. ಮೈದಾನದಲ್ಲಿ ದೊಡ್ಡ ಪರದೆಯ ಮೇಲೆ ಕ್ರಿಕೆಟ್ ತೋರಿಸುತ್ತಾರೆಂದು ನಿನ್ನೆ ಸಂಜೆ ಚಿಕ್ಕಲಸಂದ್ರಕ್ಕೆ ಹೋಗಿದ್ದೆ. ಬೀದಿಗೆ ಬೀದಿಯೇ ಅಲ್ಲಿ ಬಂದು ಕೂತಿತ್ತು. ತಮ್ಮ ಚಾಪೆಯಲ್ಲೇ ಜಾಗ ಕೊಟ್ಟ ಹೆಂಗಸೊಬ್ಬರು, "ಮನೇಲೂ ಟಿವಿ ಇದೆ ಸಾರ್. ಆದ್ರೆ ಹೀಗೆ ಎಲ್ರೂ ಒಟ್ಟಿಗೆ ಕೂತು ಎಷ್ಟು ಕಾಲ ಆಯ್ತೋ" ಎಂದರು.

ಇನ್ನೊಂದೇ ಓವರ್ ಉಳಿದಿದ್ದಾಗ ಆಟ ಮಾಯವಾಗಿ, ಪರದೆಯ ತುಂಬ ಬಡಾವಣೆಯ ಮುಖಂಡರ ಫೋಟೊ ಬಂತು. ಪರದೆಯ ಮುಂದಿದ್ದ ವೇದಿಕೆಯನ್ನು ಖುದ್ದು ಅವರೇ ಹತ್ತಿದರು. ಶಾಲು, ಹಾರ, ಹಣ್ಣಿನ ಬುಟ್ಟಿ. ನಾನು ಎದ್ದು ಹೋಗಿ ಸಂಘಟಕನಿಗೆ, "ಮ್ಯಾಚ್ ಮುಗೀಲಿ ತಡೀರಿ, ಆಮ್ಯಾಲೆ ಸನ್ಮಾನ ಮಾಡ್ರಿ" ಎಂದೆ.

"ಮುಗಿದ್ರೆ ಜನ ಎದ್ದು ಹೋಗ್ತಾರೆ ಸಾರ್. ಖಾಲಿ ಮೈದಾನಕ್ಕೆ ಸನ್ಮಾನ ತೋರ್ಸೋದಾ?" ಎಂದು ಅವನು ನನ್ನನ್ನೇ ದಡ್ಡನಂತೆ ನೋಡಿದ.

ಮುಖಂಡರ ತಲೆಗೆ ಮೈಸೂರು ಪೇಟ ಇಡುವಷ್ಟರಲ್ಲಿ ಸುತ್ತಲಿನ ಮನೆಗಳಿಂದ ಒಮ್ಮೆಲೇ ಹೋ ಎಂಬ ಕೂಗೆದ್ದಿತು, ಪಟಾಕಿ ಸಿಡಿಯಿತು. ನಾವು ಗೆದ್ದಿದ್ದೆವು. ಆ ಹೆಂಗಸು ಚಾಪೆ ಸುತ್ತತೊಡಗಿದರು. ಮುಖಂಡರು ಕೂಗು ಬಂದ ಕಡೆಗೆ ತಿರುಗಿ, ತಲೆಬಾಗಿ ಕೈಮುಗಿದರು.