ಯಾರು ಹೊಡೆದರೆಂದು ಹೇಳದ ಪದ

ಕಡೂರಿನ ನರ್ಸಿಂಗ್ ಕಾಲೇಜೊಂದರಲ್ಲಿ ನಾನು ಅನಾಟಮಿ ಪಾಠ ಮಾಡುತ್ತೇನೆ. ವೈದ್ಯಕೀಯ ಪದಗಳನ್ನು ಗಿಳಿಪಾಠ ಮಾಡಿ, ಪರೀಕ್ಷೆ ಮುಗಿದ ಸಂಜೆಯೇ ಮರೆಯುವ ಹುಡುಗಿಯರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅದಕ್ಕೇ ಪ್ರತಿ ಪದದ ಬೇರು ಹೇಳುತ್ತೇನೆ, ಹೇಳುತ್ತಲೇ ಅವರವರ ಮೈಮೇಲೆ ಆ ಜಾಗವನ್ನು ಮುಟ್ಟಿಸುತ್ತೇನೆ. ಮಸಲ್ ಎಂದರೆ ಲ್ಯಾಟಿನ್ನಿನಲ್ಲಿ ಪುಟ್ಟ ಇಲಿ. ತೋಳು ಮಡಿಸಿ, ಚರ್ಮದಡಿ ಓಡುತ್ತದೆ ನೋಡಿ ಎನ್ನುತ್ತೇನೆ. ನಾವೇನು ಕಮ್ಮಿ? ಕಾಲಿನ ಹಿಂದಿನ ಮಾಂಸಕ್ಕೆ ಮೀನಖಂಡ ಎಂದು ಹೆಸರಿಟ್ಟವರು.

ಅವತ್ತು ಕ್ಲಾವಿಕಲ್ ಪಾಠ. ಸಣ್ಣ ಬೀಗದ ಕೈ ಎಂದು ಅದರ ಮೂಲ ಅರ್ಥ. ಎಲ್ಲರೂ ಕತ್ತಿನ ಬುಡದಲ್ಲಿ ಅಡ್ಡಕ್ಕಿರುವ ಆ ಎಲುಬನ್ನು ಮುಟ್ಟಿಕೊಂಡರು. ಪಂಚನಹಳ್ಳಿಯಿಂದ ಬಸ್ಸಿನಲ್ಲಿ ಬರುವ ಹುಡುಗಿ ಮಾತ್ರ ಸುಮ್ಮನೆ ಕೂತಿದ್ದಳು. ಹೇಳಿದೆ, ಮತ್ತೆ ಹೇಳಿದೆ, ಕೊನೆಗೆ ರೇಗಿದೆ.

"ಕೈ ಏಳ್ತಿಲ್ಲ ಮೇಡಂ," ಎಂದಳು.

ದುಪಟ್ಟಾ ಸರಿಸಿದರೆ, ಮುರಿದ ಎಲುಬಿನ ತುದಿ ಚರ್ಮವನ್ನು ಒಳಗಿನಿಂದ ತಿವಿಯುತ್ತಿತ್ತು. ಹೆಗಲಿನಿಂದ ಮೊಣಕೈವರೆಗೆ ನೇರಳೆ ಬಣ್ಣ. ಬೆನ್ನ ಮೇಲೆ ಚರ್ಮ ಕಿತ್ತು ಬಟ್ಟೆಗೆ ಅಂಟಿಕೊಂಡಿತ್ತು.

ಆಸ್ಪತ್ರೆಗೆ ಹೋಗುವಾಗ ಆಟೋದಲ್ಲಿ ಅಷ್ಟಿಷ್ಟು ಹೇಳಿದಳು. ಸೋದರಮಾವನನ್ನು ಮದುವೆಯಾಗಲ್ಲ, ಓದು ಮುಗಿಸುತ್ತೇನೆ ಎಂದಿದ್ದಕ್ಕೆ ಅಣ್ಣ ಗುದ್ದಲಿಯ ಕಾವು ಕಿತ್ತುಕೊಂಡು ಬಡಿದಿದ್ದ. ಕೆಳಗೆ ಬಿದ್ದ ಮೇಲೂ ಬಡಿದಿದ್ದ. ಬೆಳಗ್ಗೆ ಮನೆಯವರು ಏಳುವ ಮೊದಲೇ ಇವಳು ಬಸ್ಸು ಹತ್ತಿದ್ದಳು. ಮುಂದಿನ ವಾರ ಮದುವೆಯಂತೆ. ಪೊಲೀಸರ ಮುಂದೆ ಬಾಯಿ ಬಿಡದೆ ಮನೆಗೆ ವಾಪಸಾದರೆ ತಾಳಿ ಬೀಳುವುದು ಖಂಡಿತ, ಕಾಲೇಜೂ ಅಲ್ಲಿಗೆ ಮುಗಿಯಿತು.

ಡಾಕ್ಟರು ಗಾಯಗಳನ್ನು ಬರೆದುಕೊಂಡರು. ಫ್ರಾಕ್ಚರ್. ಕಂಟ್ಯೂಷನ್, ಅಂದರೆ ಮೂಗೇಟು. ಮತ್ತೆ ಕಂಟ್ಯೂಷನ್. ಅಷ್ಟು ತಣ್ಣಗೆ ಬರೆಯುವುದನ್ನು ನೋಡಿ ನನಗೆ ಪಿತ್ತ ನೆತ್ತಿಗೇರಿತು. ಕಂಟ್ಯೂಷನ್ ಎಂಬುದರ ಬೇರಿನಲ್ಲೇ ಬಡಿಯುವುದು, ಜಜ್ಜುವುದು ಎಂದಿದೆ ಡಾಕ್ಟ್ರೇ, ನೀವು ಬರೆದಿದ್ದೇ ಹೊಡೆತ ಅಂತ, ಎಂದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಇರಬಹುದು, ಆದರೆ ಯಾರು ಹೊಡೆದರು ಅಂತ ಆ ಬೇರಿನಲ್ಲಿಲ್ಲವಲ್ಲ, ಅದನ್ನು ಇವಳೇ ಹೇಳಬೇಕು ಎಂದರು.

ಅಷ್ಟರಲ್ಲಿ ಯಾರು ಸುದ್ದಿ ಮುಟ್ಟಿಸಿದರೋ, ಅಣ್ಣ ನುಗ್ಗಿ ಬಂದ, ಹಿಂದೆಯೇ ತಾಯಿ. ಬಂದವನೇ ತಂಗಿಯ ಜಡೆಗೆ ಕೈ ಹಾಕಿ ಮಂಚದಿಂದ ಎಳೆದ. ಮುರಿದ ಹೆಗಲೇ ಮೊದಲು ನೆಲಕ್ಕೆ ಬಡಿಯಿತು. ಅವಳು ಕೂಗಿದ ಕೂಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ನಾನು ಪಕ್ಕದಲ್ಲಿದ್ದ ಸ್ಟೀಲ್ ಟ್ರೇ ಎತ್ತಿ ಅವನ ಮುಖಕ್ಕೆ ಬಾರಿಸಿದೆ. ಹುಬ್ಬು ಸೀಳಿ ರಕ್ತ ಸುರಿಯಿತು. ಲ್ಯಾಸರೇಷನ್; ಬೇರಿನ ಅರ್ಥ, ಹರಿದು ಹಾಕುವುದು. ನನಗೆ ಖುಷಿಯಾಯಿತು, ಅದರಲ್ಲಿ ಮುಚ್ಚುಮರೆ ಏನಿಲ್ಲ. ಅಟೆಂಡರುಗಳು ಅವನನ್ನು ತಬ್ಬಿ ಹಿಡಿದು ಹೊರಗೆ ಎಳೆದೊಯ್ದರು. ಬಾಗಿಲಾಚೆಯಿಂದಲೂ ಕೊಂದುಹಾಕುತ್ತೇನೆ ಎಂದು ಅರಚುತ್ತಿದ್ದ.

ತಾಯಿ ಮಾತ್ರ ಮಗಳ ತಲೆ ಸವರುತ್ತಾ ಕೂತರು. ಕಣ್ಣೀರು ನಿಲ್ಲುತ್ತಿರಲಿಲ್ಲ. ಪಾಪ, ಮಗನ ಭಯಕ್ಕೆ ಈಕೆ ಏನು ತಾನೇ ಮಾಡಿಯಾಳು ಎಂದು ನನ್ನ ಕರುಳು ಚುರುಕ್ ಎಂದಿತು. ಟೀ ತರಿಸಿ ಕೊಟ್ಟೆ. ಪೊಲೀಸ್ ಪೇದೆ ಹೇಳಿಕೆ ಬರೆದುಕೊಳ್ಳಲು ಬಂದಾಗ, ಬಚ್ಚಲಲ್ಲಿ ಜಾರಿ ಬಿದ್ದೆ ಅನ್ನವ್ವ ಎಂದು ಮಗಳ ಕಿವಿಯಲ್ಲಿ ಬೇಡಿಕೊಂಡರು.

ಹುಡುಗಿ ತಾಯಿಯ ಕೈಯನ್ನು ತಲೆಯ ಮೇಲಿಂದ ತೆಗೆದಳು.

"ಹೊಡ್ದಿದ್ದು ನಮ್ಮಣ್ಣ ಸಾರ್," ಎಂದಳು. "ಓಡೋಗ್ಬಾರ್ದು ಅಂತ ಹಿಡ್ಕಂಡಿದ್ದು ನಮ್ಮವ್ವ. ಇಬ್ರುದೂ ಬರ್ಕಳಿ."