ನನ್ನ ಪಾಳಿಯ ಭಾನುವಾರ

ಮೊನ್ನೆ ಶಾಲೆಯಿಂದ ಬರುವಾಗ ಯಾರದೋ ಮನೆಯಿಂದ ರೊಟ್ಟಿ ಸೀದ ವಾಸನೆ ಬಂತು. ಕಾಲು ಅಲ್ಲೇ ನಿಂತವು. ಅಕ್ಕೋರು ನೆನಪಾದರು...

ಉಗಾರದ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಒಂಟಿ ಜೀವ. ಇನ್ನೂ ಆರು ಮನೆಯವರನ್ನು ಕೂಡಿಸಿಕೊಂಡು ಕಾಗವಾಡದ ಹೊರಗೆ ಒಂದು ತುಂಡು ಹೊಲ ಕೊಂಡು, ಒಂದೇ ಅಂಗಳದ ಸುತ್ತ ಏಳು ಮನೆ ಕಟ್ಟಿಸಿದ್ದರು. ನಡುವೆ ಎಲ್ಲರಿಗೂ ಸೇರಿದ ದೊಡ್ಡ ಅಡಿಗೆಮನೆ. ಒಂದು ಮನೆ ಖಾಲಿಯಾದಾಗ, ಸಕ್ಕರೆ ಕಾರ್ಖಾನೆಯಲ್ಲಿದ್ದ ನನ್ನ ಗಂಡ ಅಲ್ಲಿಗೆ ಹೋಗೋಣ ಎಂದರು. ನನಗೆ ಬೇಡವಾಗಿತ್ತು. ಸತ್ತಿ ಎಂಬ ಊರಿನ ತುಂಬಿದ ಅತ್ತೆಮನೆಯಲ್ಲಿ ಆರು ವರ್ಷ ಹದಿನಾಲ್ಕು ಜನಕ್ಕೆ ರೊಟ್ಟಿ ಬಡಿದು ಬಂದವಳು ನಾನು. ಬಿ.ಎಡ್. ಮಾಡಿದ್ದೇ ಮರೆತುಹೋಗಿತ್ತು.

ಹೋದ ದಿನವೇ ಅಕ್ಕೋರನ್ನು ಕೇಳಿಬಿಟ್ಟೆ. “ಇದೂ ಕೂಡು ಮನಿನ ಅಲ್ಲೇನ್ರಿ?”

“ಅಲ್ಲವಾ. ನಿನ್ನ ಬಾಗಲಾ ನಿಂದು, ನಿನ್ನ ಒಲಿ ನಿಂದು. ವಾರದಾಗ ಮೂರ ದಿನ ಅಷ್ಟ ಕೂಡಿ ಉಣ್ಣೂದು. ಅಡಿಗಿ ಮನಿಗೊಂದು ಪಾಳಿ. ಇಲ್ಲಿ ಅತ್ತಿ ಇಲ್ಲ, ಸೊಸಿ ಇಲ್ಲ. ಏನರ ಬ್ಯಾಡ ಅನಿಸಿದ್ರ ಸಭಾದಾಗ ಬಾಯಿಬಿಟ್ಟು ಹೇಳು. ಮನಸಿನ್ಯಾಗ ಇಟಗೊಂಡ್ರ ಕೆಡತೈತಿ.”

ಬೇರೆಯವರ ಪಾಳಿಯ ದಿನ ನನ್ನ ಒಲೆಗೆ ರಜೆ. ಆ ಹೊತ್ತನ್ನು ಅಕ್ಕೋರು ಬಿಡಲಿಲ್ಲ. ಶಿಕ್ಷಕರ ಪರೀಕ್ಷೆಗೆ ಅರ್ಜಿ ಹಾಕಿಸಿದರು, ತಮ್ಮ ಮನೆಯಲ್ಲಿ ಕೂರಿಸಿ ಓದಿಸಿದರು. ಕಡೆಗೆ ಪರೀಕ್ಷೆ ಬಂದದ್ದು ಭಾನುವಾರ. ಅಂದು ನಮ್ಮ ಮನೆಯ ಪಾಳಿ.

“ಮುಂದಿನ ಸಲ ಬರೀತೀನಿ ಬಿಡ್ರಿ,” ಎಂದೆ. ಪಾಳಿ ಮನೆಗಳದ್ದಾದರೂ, ಅಲ್ಲಿಯವರೆಗೆ ಹಿಟ್ಟು ನಾದಿದವರೆಲ್ಲ ಹೆಂಗಸರೇ.

ಅಕ್ಕೋರು ಅಂದೇ ಸಂಜೆ ಅಂಗಳದಲ್ಲಿ ಸಭೆ ಕರೆದರು. “ಪಾಳಿ ಇಕೀದಲ್ಲ, ಇಕಿ ಮನೀದು. ಮನ್ಯಾಗ ಗಂಡಸ ಅದಾನಲ್ಲ?”

ನನ್ನ ಗಂಡನ ಮುಖ ಕೆಂಪಾಯಿತು. “ನನಗ ರೊಟ್ಟಿ ಬರೂದಿಲ್ರಿ, ಅಕ್ಕೋರ.”

“ನಾ ಕಲಸ್ತೀನಿ. ಒಬ್ಬಂವಗ ಆಗಲಿಲ್ಲಂದ್ರ ಆರೂ ಗಂಡಸರು ಕೂಡ್ರಿ.”

ಗಂಡಸರು ಒಬ್ಬೊಬ್ಬರಾಗಿ ತಲೆಯಾಡಿಸಿದರು. ಅವರಲ್ಲಿ ಇಬ್ಬರು ಅಕ್ಕೋರ ಹಳೆಯ ವಿದ್ಯಾರ್ಥಿಗಳು...

ಚಿಕ್ಕೋಡಿಯಲ್ಲಿ ಪರೀಕ್ಷೆ ಬರೆದು ಬಂದಾಗ ಇಳಿಹೊತ್ತು. ಅಂಗಳವೆಲ್ಲ ಹೊಗೆ. ಕಿವಿಯವರೆಗೆ ಹಿಟ್ಟು ಮೆತ್ತಿಕೊಂಡ ಆರು ಗಂಡಸರು ಇನ್ನೂ ಬಡಿಯುತ್ತಲೇ ಇದ್ದರು. ಹೆಂಗಸರೆಲ್ಲ ಸಾಲಾಗಿ ಊಟಕ್ಕೆ ಕೂತಿದ್ದರು. ನನ್ನ ಗಂಡ ಒಂದು ಕರಿ ರೊಟ್ಟಿ ತಂದು ನನ್ನ ತಾಟಿಗೆ ಹಾಕಿ, “ಹೆಂಗ ಬರದಿ?” ಎಂದರು. ಅಷ್ಟು ರುಚಿಯ ರೊಟ್ಟಿ ನಾನು ಉಂಡಿಲ್ಲ.

ಪಾಸಾದೆ. ಮರುವರ್ಷ ಪಕ್ಕದೂರಿನ ಶಾಲೆಯಲ್ಲಿ ಕೆಲಸವೂ ಸಿಕ್ಕಿತು. ಗಂಡಸರ ಪಾಳಿಯೂ ನಿಲ್ಲಲಿಲ್ಲ. ಈಗ ನನ್ನ ಗಂಡನ ರೊಟ್ಟಿ ಪೂರಿಯ ಹಾಗೆ ಉಬ್ಬುತ್ತದೆ.

ಹೋದ ವರ್ಷ ದ್ರಾಕ್ಷಿ ಕಟಾವಿನ ಹೊತ್ತಿಗೆ ಅಕ್ಕೋರು ತೀರಿಕೊಂಡರು. ಅವರ ಮನೆಗೆ ಈ ವಾರ ಹೊಸ ದಂಪತಿ ಬಂದಿದ್ದಾರೆ. ಇಲ್ಲಿನ ರೀತಿ ತಿಳಿಸುವ ಕೆಲಸ ಈಗ ನನ್ನದು. ಆ ಹುಡುಗಿ ಅಂಜುತ್ತಲೇ ಕೇಳಿದಳು. “ಇಷ್ಟ ಜನರ ನಡುವ ನಂದು ಅಂತ ಏನ ಉಳೀತೈತ್ರಿ?”

“ನಂದು ಅಂತ ನನಗ ಒಂದ ನೌಕರಿ ಸಿಕ್ಕಿದ್ದ ಇಲ್ಲಿಗೆ ಬಂದ ಮ್ಯಾಲ ನೋಡವಾ,” ಎಂದೆ.

ಹೇಳಿ, ರೂಢಿಯಂತೆ ಪಕ್ಕಕ್ಕೆ ತಿರುಗಿದೆ. ಹೌದೆನ್ನಲು ಅಕ್ಕೋರು ಇರಲಿಲ್ಲ.