ನೀರುನಾಯಿಗೊಂದು ಲೆನ್ಸು

ಕಾವೂರು ಕೆರೆಯಲ್ಲಿ ನಾನು ನೀರುನಾಯಿ ನೋಡಿದ್ದೆ. ಕಪ್ಪು ತಲೆ, ಹೊಳೆಯುವ ಬೆನ್ನು, ಹಿಂದೆ ಉದ್ದಕ್ಕೆ ಅಲೆ. ಅದನ್ನು ನಮ್ಮ ಫ್ಲ್ಯಾಟಿನ ಲಿಫ್ಟಿನಲ್ಲಿ ಹೇಳಿದ್ದೇ ಎಡವಟ್ಟಾಯಿತು. “ನಮ್ಮಲ್ಲಿ ನೀರುನಾಯಿ ಉಂಟು” ಎಂದೆ. ಮೇಲಿನ ಮನೆಯ ಕೊಂಕಣಿ ಹೆಂಗಸಿಗೆ ಕನ್ನಡ ಅಷ್ಟಕ್ಕಷ್ಟೆ. ಅವರಿಗೆ ಅರ್ಥವಾದದ್ದು ನಮ್ಮ ನೀರಲ್ಲಿ ನಾಯಿ ಉಂಟು ಅಂತ. ಸಂಜೆಯೊಳಗೆ ಟ್ಯಾಂಕಿಗೆ ನಾಯಿ ಬಿದ್ದು ಸತ್ತ ಸುದ್ದಿ ಎಲ್ಲ ಮನೆ ಮುಟ್ಟಿತು. ಟ್ಯಾಂಕಿ ಖಾಲಿ ಮಾಡಿ ತೊಳೆಸಿದರು. ಮರುದಿನವಿಡೀ ಯಾರಿಗೂ ಸ್ನಾನವಿಲ್ಲ.

ಅಂದಿನಿಂದ ನಾನು ‘ನೀರುನಾಯಿ ಟೀಚರ್’. ಆಯುಷ್ಯವೆಲ್ಲ ಮಕ್ಕಳಿಗೆ ವಿಜ್ಞಾನ ಕಲಿಸಿದವಳಿಗೆ ಈ ಬಿರುದು! ವಾಚ್‌ಮ್ಯಾನ್ ಕೂಡ ಮೀಸೆಯಡಿ ನಗುತ್ತಿದ್ದ. ಹೋಗಲಿ, ಕಟ್ಟಿಕೊಂಡ ಗಂಡನಾದರೂ ನಂಬಬೇಕಲ್ಲ? “ಅದು ಟಯರ್ ಇರ್ಬೇಕು ಮಾರಾಯ್ತಿ” ಎಂದರು. ನನಗೆ ಮೈಯೆಲ್ಲ ಉರಿಯಿತು. ಒಂದು ಫೋಟೋ ತೆಗೆದು ಎಲ್ಲರ ಮುಖಕ್ಕೆ ಹಿಡಿಯದಿದ್ದರೆ ನಾನು ಟೀಚರೇ ಅಲ್ಲ ಎಂದುಕೊಂಡೆ.

ನಿವೃತ್ತಿಯ ದಿನ ಶಾಲೆಯವರು ಕೊಟ್ಟ ಕ್ಯಾಮೆರಾ ಇತ್ತು. ಆದರೆ ಅದರ ಲೆನ್ಸಿನಲ್ಲಿ ಕೆರೆಯ ಕೊಕ್ಕರೆಯೂ ಎಳ್ಳುಕಾಳಿನಷ್ಟು. ದೂರದ್ದನ್ನು ಹತ್ತಿರ ಎಳೆಯುವ ಜೂಮ್ ಲೆನ್ಸ್ ಬೇಕಿತ್ತು. ನಮ್ಮವರಿಗೆ ಫಳ್ನೀರಿನ ಕ್ಲಿನಿಕ್ಕಿನಲ್ಲಿ ಶುಗರ್ ಟೆಸ್ಟ್ ಇದ್ದ ದಿನ ನಾನೂ ಹೊರಟೆ. ಅವರು ಹಸಿದ ಹೊಟ್ಟೆಯಲ್ಲಿ ಒಮ್ಮೆ, ತಿಂದ ಮೇಲೆ ಇನ್ನೊಮ್ಮೆ ರಕ್ತ ಕೊಡಬೇಕು. ತಿನ್ನಲಿಕ್ಕೆ ಡಬ್ಬಿಯಲ್ಲಿ ರಾಗಿ ದೋಸೆ ಕಟ್ಟಿಕೊಟ್ಟು, ಅವರನ್ನು ಕ್ಲಿನಿಕ್ಕಿನಲ್ಲಿ ಕೂರಿಸಿ, ಎದುರಿನ ಕ್ಯಾಮೆರಾ ಅಂಗಡಿಗೆ ಹೋದೆ.

ಅಂಗಡಿಯವರು ಎರಡು ಲೆನ್ಸ್ ಇಟ್ಟರು. ಬಣ್ಣ ಒಂದೇ, ಉದ್ದ ಒಂದೇ, ಅವಳಿ ಮಕ್ಕಳ ಹಾಗೆ.

“ಇದರಲ್ಲಿ ಎಂತ ವ್ಯತ್ಯಾಸ?” ಎಂದೆ.

“ಎರಡೂ ಒಂದೇ ದೂರಕ್ಕೆ ಹೋಗ್ತದೆ ಮೇಡಂ. ಇದರಲ್ಲಿ ನಮ್ಮ ಕೈ ನಡುಗಿದ್ರೂ ಫೋಟೋ ನಡುಗುದಿಲ್ಲ. ಅದರಲ್ಲಿ ಆ ಸೌಕರ್ಯ ಇಲ್ಲ.”

“ನನ್ನ ಕೈ ಎಂತಕ್ಕೆ ನಡುಗ್ತದೆ? ನನಗೆ ಅಷ್ಟು ಪ್ರಾಯ ಆಗಿದೆಯಾ?”

“ಅಯ್ಯೋ, ಹಾಗಲ್ಲ! ಹೊರಗೆ ನಿಂತು ಎರಡರಲ್ಲೂ ನೋಡಿ, ನಿಮಗೇ ಗೊತ್ತಾಗ್ತದೆ.”

ಬಾಗಿಲಲ್ಲಿ ನಿಂತು, ಸಾದಾ ಲೆನ್ಸ್ ಹಾಕಿ, ರಸ್ತೆಯ ಆ ತುದಿಯ ಹೋಟೆಲಿಗೆ ಗುರಿಯಿಟ್ಟೆ. ಬಿಳಿ ಅಂಗಿಯ ಒಬ್ಬರು ಏನೋ ತಿನ್ನುತ್ತಿದ್ದರು. ಚಿತ್ರ ಕುಲುಕಿ ಕುಲುಕಿ ಮಸುಕಾಗಿತ್ತು. ಯಾರೋ ಪುಣ್ಯಾತ್ಮ ಎಂದುಕೊಂಡೆ. ಇನ್ನೊಂದನ್ನು ಹಾಕಿ ನೋಡಿದೆ. ಎಂತ ಸಾವು ಮಾರಾಯ್ರೇ! ಪ್ಲೇಟಿನ ತುಂಬ ಎಣ್ಣೆಯಲ್ಲಿ ಕರಿದ ಗೋಳಿಬಜೆ, ಮೀಸೆಯಲ್ಲಿ ಕಾಯಿ ಚಟ್ನಿ, ಆ ಮೀಸೆ ನನ್ನ ಗಂಡನದ್ದು.

ಫೋಟೋ ಒಂದು ಹೊಡೆದು, “ಇದನ್ನೇ ಕೊಡಿ” ಎಂದೆ.

ಕಾರಿನಲ್ಲಿ ಫೋಟೋ ತೋರಿಸಿದೆ. ನಮ್ಮವರು ಮೀಸೆ ಒರೆಸಿಕೊಂಡು, “ತಿಂದು ಬನ್ನಿ ಅಂತ ಕ್ಲಿನಿಕ್ಕಿನವರೇ ಹೇಳಿದ್ದಲ್ವಾ?” ಎಂದರು.

“ಮತ್ತೆ ದೋಸೆ ಎಲ್ಲಿ?”

“ನಾಯಿಗೆ ಹಾಕಿದೆ.”

“ನಾಯಿಯ ಹೆಸರು ಎತ್ತಬೇಡಿ ನನ್ನ ಹತ್ತಿರ!”

ಆ ವಾರವೆಲ್ಲ ಬೆಳಗ್ಗೆ ಕೆರೆಯ ಬದಿಯಲ್ಲಿ ಕಾದೆ. ಮಾಡಿದ ತಪ್ಪಿಗೆ ದಂಡವಾಗಿ ನಮ್ಮವರೂ ಫ್ಲಾಸ್ಕ್ ಹಿಡಿದು ಕೂತಿರುತ್ತಿದ್ದರು. ಕೊನೆಗೊಂದು ದಿನ ಅದೇ ಕಪ್ಪು ತಲೆ ಕಂಡಿತು, ಹಿಂದೆ ಅದೇ ಅಲೆ. ಕೈ ಗಡಗಡ. ಆದರೂ ತೆಗೆದ ಫೋಟೋ ನಡುಗಲಿಲ್ಲ. ಹರಿದ ಕಿವಿ, ಕತ್ತಿನಲ್ಲಿ ಹಳೆಯ ಬೆಲ್ಟು, ಬಾಯಲ್ಲಿ ಯಾರದೋ ಚಪ್ಪಲಿ. ಅದು ಊರ ನಾಯಿ. ಆರಾಮವಾಗಿ ಈಜುತ್ತಿತ್ತು.

ನನಗೆ ಅಳುವೇ ಬಂತು. ಮೇಲಿನ ಮನೆಯವರು ಹೇಳಿದ್ದೇ ಸರಿ, ನೀರಲ್ಲಿ ನಾಯಿ ಉಂಟು. ಕ್ಯಾಮೆರಾವನ್ನು ನಮ್ಮವರ ಕೈಗೆ ಕೊಟ್ಟೆ. ಇನ್ನು ಸಾಯುವವರೆಗೆ ಹಂಗಿಸಲಿಕ್ಕೆ ಇವರಿಗೆ ಒಳ್ಳೆಯ ವಿಷಯ ಸಿಕ್ಕಿತು ಎಂದುಕೊಂಡೆ.

ಅವರು ತುಂಬ ಹೊತ್ತು ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

“ನೀರುನಾಯಿಯೇ ಮಾರಾಯ್ತಿ” ಎಂದರು. “ನಾನು ಸಾಕ್ಷಿ. ಯಾರು ಕೇಳಿದ್ರೂ ಹೇಳ್ತೇನೆ.”

“ಕಿವಿ ಕಾಣ್ತದಲ್ಲ?”

“ಎಂತದೂ ಕಾಣುದಿಲ್ಲ. ಲೆನ್ಸ್ ಸರಿ ಇಲ್ಲ.”

ಬರುವಾಗ ದಾರಿಯ ಒಂದು ಹೋಟೆಲಿನ ಮುಂದೆ ಕಾರು ನಿಲ್ಲಿಸಲು ಹೇಳಿ, ನಾನೇ ಇಳಿದು ಇವರಿಗೆ ಗೋಳಿಬಜೆ ಕಟ್ಟಿಸಿಕೊಂಡು ಬಂದೆ.